ಕೃಷ್ಣೆಯ ಗಾಳ, ಕಡಲಿನ ಕೋಲು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಈ ಐದು ತಾಲ್ಲೂಕುಗಳ ಹೆಸರು ಕೇಳಿದೊಡನೆ ನಿಮಗೆ ಏನು ನೆನಪಾಗುತ್ತದೆ? ಆಳೆತ್ತರದ ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ, ಚಿಂಚಲಿಯ ಮಾಯಕ್ಕನ ಜಾತ್ರೆ, ಮಳೆಗಾಲದಲ್ಲಿ ಸೇತುವೆಗಳನ್ನು ನುಂಗಿ ಹರಿಯುವ ಕೃಷ್ಣೆ. ಸಮುದ್ರ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಆದರೂ ಈ ಸೀಮೆಯಿಂದ ನೇರವಾಗಿ ಸಮುದ್ರಕ್ಕೆ ಹೋಗಿ ಮುಟ್ಟುವ ಒಂದು ರಸ್ತೆ ಇದೆ. ಅದರ ಹೆಸರೇ ದೇವಗಡ–ನಿಪ್ಪಾಣಿ ರಸ್ತೆ. ಒಂದು ತುದಿಯಲ್ಲಿ ತಂಬಾಕಿನ ಘಾಟು, ಇನ್ನೊಂದು ತುದಿಯಲ್ಲಿ ಒಣಮೀನಿನ ವಾಸನೆ. ನಡುವೆ ಸಹ್ಯಾದ್ರಿ.

ಆ ರಸ್ತೆಯಲ್ಲಿ ನಾನೂ ನನ್ನ ಮಗನೂ ಒಂದು ಮೀನು ಹಿಡಿಯುವ ಕೋಲು ಹೊತ್ತುಕೊಂಡು ಹೋಗಿಬಂದ ಕಥೆ ಇದು. ಹಿಡಿದ ಮೀನಿಗಿಂತ ಕಲಿತ ಪಾಠವೇ ದೊಡ್ಡದಾದ್ದರಿಂದ, ಮಕ್ಕಳಿಗೆ ಇಂಥ ಕೋಲು ಕೊಡಿಸುವ ಯೋಚನೆಯಲ್ಲಿರುವ ತಂದೆ ತಾಯಿಗಳ ಮುಂದೆ ಇಡುತ್ತಿದ್ದೇನೆ.

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಬೇಕಾದ್ದನ್ನು ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಂಕ ಬಂತು. ಮಗ ಸೈಕಲ್ಲು ಕೇಳಲಿಲ್ಲ, ಮೊಬೈಲು ಕೇಳಲಿಲ್ಲ. ಯಾವುದೋ ದೇಶದ ಕಡಲ ತೀರದಲ್ಲಿ ನಿಂತು ಬೃಹತ್ ಮೀನುಗಳನ್ನು ಎಳೆಯುವವರ ಚಿತ್ರಗಳನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಅಂಥದೇ ರಾಡು, ಅಂಥದೇ ರೀಲು ಬೇಕೆಂದ. ಚಿಕ್ಕೋಡಿಯಲ್ಲಿ ಅದು ಎಲ್ಲಿ ಸಿಗಬೇಕು? ದೊಡ್ಡ ಊರಿಗೆ ಹೋದಾಗ ಒಂದು ಅಂಗಡಿ ಹುಡುಕಿದೆವು. ಅಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: 'ಎಷ್ಟರವರೆಗೆ ನೋಡ್ತೀರಿ?' ಯಾವ ನೀರು, ಯಾವ ಮೀನು, ಯಾರ ಕೈ ಎಂದು ಅವರೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಹನ್ನೆರಡು ಅಡಿ ಉದ್ದದ, ಮಿರಮಿರ ಮಿನುಗುವ ಕಪ್ಪು ಕಾರ್ಬನ್ ರಾಡು ಮಗನ ಕಣ್ಣಿಗೆ ಬಿತ್ತು. ಅದಕ್ಕೇ ಹೆಚ್ಚಿನ ಹಣ ಹೋಯಿತು. ಉಳಿದ ಹಣದಲ್ಲಿ ಬಂದದ್ದು ಮುಷ್ಟಿಯೊಳಗೆ ಅಡಗುವ ಪುಟ್ಟ ರೀಲು ಮತ್ತು ತೆಳ್ಳಗಿನ ನೈಲಾನ್ ದಾರ. ಒಟ್ಟು ಖರ್ಚು ನಮ್ಮ ಮನೆಯ ಒಂದು ತಿಂಗಳ ದಿನಸಿಯಷ್ಟು.

ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ರಾಯಬಾಗ ತಾಲ್ಲೂಕಿನ ಕುಡಚಿ. ಮೀರಜದಿಂದ ಬೆಳಗಾವಿಯ ಕಡೆಗೆ ಹೋಗುವ ರೈಲು ಕೃಷ್ಣೆಯನ್ನು ದಾಟುವುದು ಇಲ್ಲಿಯೇ. ಆಚೆ ದಡದಲ್ಲಿ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ, ಅದರ ಸಕ್ಕರೆ ಕಾರ್ಖಾನೆ. ಈಚೆ ದಡದಲ್ಲಿ ಕಬ್ಬಿನ ಗದ್ದೆಗಳ ನಡುವಿನ ಕಾಲುದಾರಿ ನೀರಿನವರೆಗೂ ಇಳಿಯುತ್ತದೆ. 2005ರಲ್ಲಿ ಮತ್ತು 2019ರಲ್ಲಿ ಈ ನದಿ ದಡದ ಊರುಗಳನ್ನೇ ಖಾಲಿ ಮಾಡಿಸಿತ್ತು ಎಂದರೆ, ಬೇಸಿಗೆಯಲ್ಲಿ ಅದನ್ನು ನೋಡಿದವರು ನಂಬಲಾರರು. ಬ್ಯಾರೇಜುಗಳ ಹಿಂದೆ ನಿಂತ ನೀರು ಎಣ್ಣೆಯ ಹಾಗೆ ಅಲುಗಾಡದೆ ಮಲಗಿರುತ್ತದೆ. ಅಂಚಿನಲ್ಲಿ ಪಂಪ್‌ಸೆಟ್ಟುಗಳ ಸಾಲು, ಅವುಗಳಿಗೆ ವಿದ್ಯುತ್ ತರುವ ಕಂಬಗಳ ಸಾಲು.

ಮಗ ಮನೆಯಿಂದಲೇ ರಾಡು ಜೋಡಿಸಿಕೊಂಡು ಬಂದಿದ್ದ. ಬಾವುಟ ಹಿಡಿದವನಂತೆ ಅದನ್ನು ನೆಟ್ಟಗೆ ಎತ್ತಿ ಹಿಡಿದು ದಂಡೆಯ ಮೇಲೆ ನಡೆಯುತ್ತಿದ್ದ. ನಾನು ಹಿಂದಿದ್ದೆ. ಇದ್ದಕ್ಕಿದ್ದಂತೆ ಕೆಳಗಿನಿಂದ ಯಾರೋ ಚೀರಿದರು.

'ಏ ತಮ್ಮಾ, ಕೋಲ ಕೆಳಗ ಮಾಡೋ! ಮ್ಯಾಲ ವೈರ್ ಐತಿ!'

ಮಗ ಗಾಬರಿಯಿಂದ ಕೋಲು ಇಳಿಸಿದ. ತಲೆ ಎತ್ತಿ ನೋಡಿದರೆ, ಪಂಪ್‌ಸೆಟ್ಟಿಗೆ ಹೋಗುವ ತಂತಿ ಜೋತು ಬಿದ್ದಿತ್ತು. ರಾಡಿನ ತುದಿಗೂ ಅದಕ್ಕೂ ಹೆಚ್ಚೆಂದರೆ ಎರಡು ಮಾರು ಅಂತರ. ಕಾರ್ಬನ್ ರಾಡು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೂಗಿದ ಮನುಷ್ಯನಿಗೂ ಕಾರ್ಬನ್ನಿನ ವಿಷಯ ತಿಳಿದಿರಲಿಕ್ಕಿಲ್ಲ. ಆದರೆ ತಂತಿಯ ಕೆಳಗೆ ಉದ್ದನೆಯದು ಯಾವುದನ್ನೂ ಎತ್ತಬಾರದೆಂಬುದು ಅವರಿಗೆ ಗೊತ್ತಿತ್ತು. ನಮ್ಮ ನದಿದಂಡೆಗಳಲ್ಲಿ ಇಂಥ ತಂತಿಗಳು ಹೆಜ್ಜೆಗೊಂದು ಇವೆ. ಆದ್ದರಿಂದ ಮೊದಲ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಾಡನ್ನು ನೀರಿನ ಬಳಿಗೆ ಹೋದ ಮೇಲೆಯೇ ಜೋಡಿಸಬೇಕು. ನಡೆಯುವಾಗ ನೆಲಕ್ಕೆ ಸಮನಾಗಿ ಹಿಡಿಯಬೇಕು. ಗುಡುಗು ಕೇಳಿಸಿದೊಡನೆ ಕೆಳಗಿಟ್ಟು ದೂರ ಸರಿಯಬೇಕು. ಹಸಿ ಬಿದಿರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೂಗಿ ಎಚ್ಚರಿಸಿದವರು ನೀರಿನಂಚಿನಲ್ಲಿ ಕುಳಿತಿದ್ದ ವೃದ್ಧರು. ಕೈಯಲ್ಲಿ ಬಿದಿರಿನ ಕೋಲು, ಅದರಷ್ಟೇ ಉದ್ದದ ದಾರ, ನೀರಿನ ಮೇಲೆ ಒಂದು ಬೆಂಡು, ಪಕ್ಕದಲ್ಲಿ ಜೋಳದ ಹಿಟ್ಟಿನ ಉಂಡೆ. ರೀಲು ಗೀಲು ಏನೂ ಇಲ್ಲ. ಬುಟ್ಟಿಯಲ್ಲಿ ಐದಾರು ಜಿಲೇಬಿ ಮೀನು, ಒಂದು ಮರಿ ರೋಹು. ಮಗನ ಕೋಲನ್ನು ಕೈಗೆ ತೆಗೆದುಕೊಂಡು ತುದಿ ಬಗ್ಗಿಸಿ ನೋಡಿದರು. ಅದು ಬಗ್ಗಲಿಲ್ಲ. ಪುಟ್ಟ ರೀಲನ್ನು ತಿರುಗಿಸಿದರು. ನಕ್ಕರು.

'ಚಲೋ ಐತ್ರಿ. ಆದ್ರ ಇಲ್ಲಿ ನೀರಿಗಲ್ಲ. ನೀರ ನೋಡಿ ಕೋಲ ತರಬೇಕ್ರಿ. ಕೋಲ ತಂದು ನೀರ ಹುಡುಕಬಾರದು.'

ಅವರ ಮಾತಿನ ಅರ್ಥ ಅರ್ಧ ಗಂಟೆಯಲ್ಲಿ ತಿಳಿಯಿತು. ಅವರಿಗೆ ಮೀನು ಸಿಗುತ್ತಿದ್ದುದು ದಡದಿಂದ ಹತ್ತು ಅಡಿ ದೂರದಲ್ಲಿ, ಮುಳುಗಿದ ಜಾಲಿಯ ಬುಡದಲ್ಲಿ. ಅಲ್ಲಿಗೆ ಎಸೆಯುವ ಅಗತ್ಯವೇ ಇಲ್ಲ, ಇಳಿಬಿಟ್ಟರೆ ಸಾಕು. ಬೆಂಡು ಒಂದಿಷ್ಟು ನಡುಗಿದರೂ ಬಿದಿರಿನ ತೆಳು ತುದಿ ಅದನ್ನು ಕೈಗೆ ಮುಟ್ಟಿಸುತ್ತಿತ್ತು. ನಮ್ಮ ಕೋಲಿನ ತುದಿ ಹೆಬ್ಬೆರಳಿನಂತೆ ಗಡಸು. ಮೀನು ಹಿಟ್ಟು ತಿಂದು ಹೋದದ್ದು ಖಾಲಿ ಕೊಕ್ಕೆ ಮೇಲೆ ಬಂದಾಗಲೇ ಗೊತ್ತಾಗುತ್ತಿತ್ತು. ಇನ್ನಷ್ಟು ಮುಂದೆ ಹೋಗಲು ಮಗ ಮೊಣಕಾಲಿನವರೆಗೆ ನೀರಿಗೆ ಇಳಿದಾಗ ಅವರು ಮತ್ತೆ ತಡೆದರು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಪ್ರವಾಹ ಇಳಿದ ಮೇಲೆ ಹೊಲಗಳಲ್ಲೂ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಮರಳಿನ ಗುಂಡಿಗಳೂ ಇವೆ. ಅಥಣಿಯ ಕಡೆಗಾಗಲಿ, ಯಡೂರ–ಕಲ್ಲೋಳದ ಬಳಿಯಾಗಲಿ ಈ ನದಿ ಹಾಗೆಯೇ. ದಡದಲ್ಲಿ ನಿಂತು ಹಿಡಿಯುವ ಕೋಲೇ ಇದಕ್ಕೆ ಸರಿ.

'ಹಾಗಾದರೆ ಇದನ್ನು ಕಡಲಿಗೇ ಒಯ್ಯೋಣ' ಎಂದ ಮಗ. ಹಠವೋ ಅವಮಾನವೋ ತಿಳಿಯಲಿಲ್ಲ. ಚಳಿಗಾಲದ ರಜೆ ಬಂದಾಗ ಸ್ನೇಹಿತರೊಬ್ಬರ ಜೀಪಿನಲ್ಲಿ ನಿಪ್ಪಾಣಿಯಿಂದ ಹೊರಟೆವು.

ಈ ಪ್ರಯಾಣವೇ ಒಂದು ಭೂಗೋಳದ ಪಾಠ. ನಿಪ್ಪಾಣಿಯ ಸಮೀಪದ ಅಕ್ಕೋಳದಲ್ಲಿ 1892ರಲ್ಲಿ ಹುಟ್ಟಿದ ಕುರಿಗಾಹಿ ಸಂತ ಬಾಳುಮಾಮಾ ಅವರ ಸಮಾಧಿ ಇರುವ ಆದಮಾಪುರ ಇದೇ ದಾರಿಯಲ್ಲಿದೆ. ನಮ್ಮ ಭಾಗದ ಭಕ್ತರು ಅಲ್ಲಿಯವರೆಗೆ ಹೋಗಿ ಹಿಂದಿರುಗುತ್ತಾರೆ. ಅಲ್ಲಿಂದ ಮುಂದೆ ಮುದಾಳ ತಿಟ್ಟಾ, ರಾಧಾನಗರಿ, ಕಾಡುಕೋಣಗಳಿಗೆ ಹೆಸರಾದ ದಾಜೀಪುರ. ಕಬ್ಬು ಹಿಂದೆ ಸರಿದು ಭತ್ತ ಬರುತ್ತದೆ, ಭತ್ತ ಸರಿದು ಕಾಡು ಬರುತ್ತದೆ. ಈ ಬೆಟ್ಟಗಳ ಪೂರ್ವದ ಇಳಿಜಾರಿನ ನೀರೇ ನಮ್ಮ ಕಡೆಗೆ ಬರುವುದು. ದೂಧಗಂಗೆ ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಭೋಗಾವತಿಯ ನೀರು ಪಂಚಗಂಗೆಯಾಗಿ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಆಮೇಲೆ ಅದು ದಖ್ಖನ್ನಿನ ಅಗಲವನ್ನೆಲ್ಲ ದಾಟಿ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳಬೇಕು. ಘಟ್ಟದ ನೆತ್ತಿಯಿಂದ ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ಬಿದ್ದ ಹನಿಗೆ ಆ ಕಷ್ಟವಿಲ್ಲ. ಅದು ಫೋಂಡಾ ಘಾಟಿನ ಬುಡಕ್ಕೆ ಜಾರಿ, ನೋಡನೋಡುತ್ತ ಅರಬ್ಬಿ ಸಮುದ್ರ ಸೇರುತ್ತದೆ. ಜೀಪು ಘಟ್ಟ ಇಳಿಯುವಾಗ ಮಗ ಇದನ್ನು ತಾನೇ ಲೆಕ್ಕ ಹಾಕಿ ಹೇಳಿದ. ಪುಸ್ತಕದಲ್ಲಿ ಓದಿದ್ದ ಜಲವಿಭಾಜಕ ಎಂಬ ಮಾತು ಅವನಿಗೆ ಅಂದು ಕಣ್ಣಿಗೆ ಕಂಡಿತು.

ದೇವಗಡ ಎಂದರೆ ಹಾಪುಸ್ ಮಾವು, ಕೋಟೆ, ದೀಪಸ್ತಂಭ, ಮೀನುಗಾರರ ಬಂದರು. ಸ್ವಲ್ಪ ದಕ್ಷಿಣಕ್ಕೆ ಕಡಲ ಅಂಚಿನಲ್ಲೇ ಕುಣಕೇಶ್ವರ ದೇವಾಲಯವಿದೆ. ಸಂಜೆ ಇಳಿಹೊತ್ತಿನಲ್ಲಿ ಮರಳ ದಂಡೆಗೆ ಹೋದೆವು. ಅಲೆಗಳು ದೂರದಲ್ಲಿ ಮುರಿಯುತ್ತಿದ್ದವು. ಈ ಹನ್ನೆರಡು ಅಡಿ ಕೋಲಿಗೆ ಇದೇ ತಕ್ಕ ಜಾಗ ಎನಿಸಿತು. ಮಗ ಅರ್ಧ ಪಾವಿಗಿಂತ ತುಸು ಕಡಿಮೆ, ಎಂದರೆ ನೂರು ಗ್ರಾಮಿನ ಸೀಸದ ಗುಂಡು ಕಟ್ಟಿ, ಎರಡೂ ಕೈಯಿಂದ ಬಲವಾಗಿ ಬೀಸಿದ.

ಫಟ್ ಎಂದು ಸದ್ದಾಯಿತು. ದಾರ ತುಂಡಾಗಿ ಗಾಳಿಯಲ್ಲಿ ತೇಲಿತು. ಸೀಸದ ಗುಂಡು ಮಾತ್ರ ಸಿಳ್ಳೆ ಹೊಡೆಯುತ್ತ ಬಲಗಡೆಗೆ ಹಾರಿ ನೀರಿಗೆ ಬಿತ್ತು. ಆ ದಿಕ್ಕಿನಲ್ಲೇ ಸ್ವಲ್ಪ ಈಚೆಗೆ ಇಬ್ಬರು ಮಕ್ಕಳು ಕಪ್ಪೆಚಿಪ್ಪು ಆರಿಸುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ಅವರು ತಲೆ ಎತ್ತಿಯೂ ನೋಡಲಿಲ್ಲ. ನನ್ನ ಕೈಕಾಲು ಮಾತ್ರ ತಣ್ಣಗಾದವು. ಮಗ ಕೋಲನ್ನು ಮರಳಿನ ಮೇಲೆ ಇಟ್ಟು ಕುಳಿತುಬಿಟ್ಟ.

ತುಸು ದೂರದಲ್ಲಿ ಗಾಳ ಹಾಕಿಕೊಂಡಿದ್ದ ಒಬ್ಬರು ಎದ್ದು ಬಂದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ತುಂಡಾದ ದಾರವನ್ನು ಎರಡು ಬೆರಳಿನ ನಡುವೆ ಹೊಸೆದು ನೋಡಿ, 'ಈ ಕೋಲಿಗೆ ಈ ದಾರ ಯಾರು ಹೇಳಿದರು?' ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಕಡೆಯವರಿಗೆ ಮರಾಠಿ ಹೊಸದಲ್ಲ. ನಾವು ಗಾಳ ಎಂದರೆ ಅವರು ಗಳ ಎನ್ನುತ್ತಾರೆ, ಅಷ್ಟೇ. ಅವರ ಜೊತೆ ಕಳೆದ ಎರಡು ಸಂಜೆಗಳಲ್ಲಿ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದರೊಂದಿಗೆ ಸೇರಿಸಿ ಹೇಳುತ್ತೇನೆ.

ರಾಡು ಮತ್ತು ರೀಲು ಎರಡು ವಸ್ತುಗಳಲ್ಲ, ಅದೊಂದು ಜೋಡಿ. ನೇಗಿಲಿಗೆ ಎತ್ತು ಹೊಂದಬೇಕಲ್ಲ, ಹಾಗೆ. ಪ್ರತಿ ರಾಡಿನ ಬುಡದ ಹತ್ತಿರ ಅದು ಎಷ್ಟು ಗ್ರಾಂ ಭಾರ ಎಸೆಯಬಲ್ಲದು, ಎಷ್ಟು ಶಕ್ತಿಯ ದಾರಕ್ಕೆ ತಕ್ಕದ್ದು ಎಂದು ಬರೆದಿರುತ್ತದೆ. ನಮ್ಮ ರಾಡಿನ ಮೇಲೆ ನೂರರಿಂದ ಇನ್ನೂರು ಗ್ರಾಂ ಎಂದಿತ್ತು. ನಾವು ಅದನ್ನು ಓದಿಯೇ ಇರಲಿಲ್ಲ. ಕಡಿಮೆ ಭಾರ ಕಟ್ಟಿದರೆ ಅದು ಬಾಗುವುದಿಲ್ಲ. ಬಾಗದ ಕೋಲು ಬಾಣ ಬಿಡದ ಬಿಲ್ಲಿದ್ದಂತೆ, ಕುಡಚಿಯಲ್ಲಿ ಆದದ್ದು ಅದೇ. ತಕ್ಕ ಭಾರ ಕಟ್ಟಿದಾಗ ದಾರ ತಡೆಯಲಿಲ್ಲ, ದೇವಗಡದಲ್ಲಿ ಆದದ್ದು ಇದು. ಕಡಲ ದಂಡೆಯಲ್ಲಿ ಎಸೆಯುವವರು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಪ್ರತಿ 28 ಗ್ರಾಂ ಸೀಸಕ್ಕೆ ಸುಮಾರು ನಾಲ್ಕೂವರೆ ಕಿಲೋ ತೂಕ ತಡೆಯುವಷ್ಟು ಗಟ್ಟಿ ದಾರದ ತುಂಡನ್ನು ಮುಂತುದಿಗೆ ಕಟ್ಟಬೇಕು. ನೂರು ಗ್ರಾಮಿಗೆ ಅದು 16 ಕಿಲೋ ಆಗುತ್ತದೆ. ನಮ್ಮ ದಾರದ ಶಕ್ತಿ ಐದು ಕಿಲೋ! ಮಕ್ಕಳ ಕಡೆಗೆ ಸೀಸದ ಗುಂಡು ಹಾರಿದ್ದು ದುರದೃಷ್ಟವಲ್ಲ, ಲೆಕ್ಕ ತಪ್ಪಿದ್ದು. ಲೆಕ್ಕ ಸರಿಯಿದ್ದರೂ ಎಸೆಯುವ ಮೊದಲು ಹಿಂದೆ ಮುಂದೆ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಳ್ಳಲೇಬೇಕು.

ಉದ್ದದ ರಾಡೇ ಒಳ್ಳೆಯದು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸನ್ನೆಕೋಲಿನ ಪಾಠ ಓದಿದ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಬಿಡಿಸಬಲ್ಲರು. ರಾಡಿನ ಬುಡ ಸೊಂಟಕ್ಕೆ ಆನಿಸಿದೆ, ಕೈ ಎರಡು ಅಡಿ ಮೇಲಿದೆ ಎನ್ನೋಣ. ಹನ್ನೆರಡು ಅಡಿ ಕೋಲಿನ ತುದಿಯಲ್ಲಿ ಮೀನು ಒಂದು ಕಿಲೋ ಬಲದಿಂದ ಅಡ್ಡಕ್ಕೆ ಎಳೆದರೆ ಕೈಗೆ ಬೀಳುವ ಭಾರ ಆರು ಕಿಲೋ. ಆರು ಅಡಿ ಕೋಲಾದರೆ ಮೂರೇ ಕಿಲೋ. ಕೋಲು ಬಾಗಿದಷ್ಟೂ ಈ ಭಾರ ಇಳಿಯುತ್ತದೆ, ನಿಜ. ಆದರೂ ಉದ್ದದ ಕೋಲಿನಲ್ಲಿ ಲಾಭ ಎಸೆಯುವಾಗ ನಮಗೆ, ಎಳೆಯುವಾಗ ಮೀನಿಗೆ. ಅದಕ್ಕೇ ದೋಣಿಯಲ್ಲಿ ಕುಳಿತವರು ಎಸೆಯುವ ಗೋಜಿಲ್ಲದೆ ಐದೂವರೆಯಿಂದ ಏಳು ಅಡಿಯ ಗಿಡ್ಡ ಕೋಲು ಬಳಸುತ್ತಾರೆ. ಅಳಿವೆ, ಬಂದರಿನ ಕಟ್ಟೆಗಳಿಗೆ ಏಳರಿಂದ ಒಂಬತ್ತು ಅಡಿ ಸಾಕು. ಅಲೆ ದಾಟಿ ಎಸೆಯಬೇಕಾದ ಮರಳ ದಂಡೆಗೆ ಮಾತ್ರ ಹತ್ತರಿಂದ ಹದಿನಾಲ್ಕು ಅಡಿ.

ರೀಲಿನಲ್ಲಿ ಮುಖ್ಯವಾಗಿ ಎರಡು ಬಗೆ. ನೇಕಾರರ ಮನೆಯ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಲಾಳಿಯೊಳಗಿನ ಕಂಡಿಕೆ ತಾನು ತಿರುಗದೆ ತುದಿಯಿಂದ ನೂಲು ಬಿಟ್ಟುಕೊಡುತ್ತದೆ. ಸ್ಪಿನ್ನಿಂಗ್ ರೀಲಿನಿಂದ ದಾರ ಹೊರಡುವುದೂ ಹಾಗೆಯೇ. ಇಂಗ್ಲೆಂಡಿನ ಬಟ್ಟೆ ಗಿರಣಿಯ ಮಾಲೀಕ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದರ ಹಕ್ಕುಪತ್ರ ಪಡೆದದ್ದು ಆಕಸ್ಮಿಕವಲ್ಲ. ಇನ್ನೊಂದು ಬಗೆ ಮಲ್ಟಿಪ್ಲಯರ್. ಇದರಲ್ಲಿ ದಾರದ ಉರುಳೆಯೇ ಗಾಳಿಪಟದ ಚರಕಿಯಂತೆ ಗಿರಗಿರ ತಿರುಗುತ್ತದೆ. ಭಾರ ನೀರಿಗೆ ಬಿದ್ದು ನಿಂತರೂ ಉರುಳೆ ನಿಲ್ಲದಿದ್ದರೆ ದಾರ ಹಕ್ಕಿಯ ಗೂಡಿನಂತೆ ಗೋಜಲಾಗುತ್ತದೆ. ಕೈ ಪಳಗಿದವರಿಗೆ, ದೋಣಿಯವರಿಗೆ ಅದು ಸರಿ. ಕಲಿಯುವವರಿಗೆ ಸ್ಪಿನ್ನಿಂಗ್ ರೀಲೇ ಲೇಸು.

ಸ್ಪಿನ್ನಿಂಗ್ ರೀಲಿನ ಮೇಲೆ 2500, 4000, 6000 ಎಂಬ ಅಂಕಿಗಳಿರುತ್ತವೆ. ಚಪ್ಪಲಿಯ ಅಳತೆ ಇದ್ದಂತೆ ಇದು ಗಾತ್ರದ ಸೂಚನೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಏಳು ಅಡಿಯ ಹಗುರ ರಾಡಿಗೆ 2500 ಅಥವಾ 3000, ಎಂಟೊಂಬತ್ತು ಅಡಿಯ ಮಧ್ಯಮ ರಾಡಿಗೆ 4000 ಅಥವಾ 5000, ದಂಡೆಯ ಉದ್ದ ರಾಡಿಗೆ 6000ಕ್ಕಿಂತ ಮೇಲಿನದು ಹೊಂದುತ್ತದೆ. ನಾವು ಹನ್ನೆರಡು ಅಡಿಗೆ ಕಟ್ಟಿದ್ದು 2000! ಇನ್ನು 5:1 ಎಂಬ ಬರಹ ಗೇರಿನದು. ಹಿಡಿಕೆ ಒಂದು ಸುತ್ತು ತಿರುಗಿಸಿದರೆ ದಾರ ಐದು ಸುತ್ತು ಸುತ್ತಿಕೊಳ್ಳುತ್ತದೆ ಎಂದರ್ಥ. ಉರುಳೆಯ ವ್ಯಾಸ ಐದು ಸೆಂಟಿಮೀಟರ್ ಇದ್ದರೆ ಪ್ರತಿ ಸುತ್ತಿಗೆ ಸುಮಾರು 78 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ಪರಿಧಿಯ ಸೂತ್ರ ಗೊತ್ತಿದ್ದವರು ತಾಳೆ ನೋಡಬಹುದು.

ರೀಲಿನ ಜೀವವಿರುವುದು ಡ್ರ್ಯಾಗ್ ಎಂಬ ಬ್ರೇಕಿನಲ್ಲಿ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಬದಲು ಜಾರಿ ಹೊರಗೆ ಹೋಗುವಂತೆ ಮಾಡುವುದು ಇದೇ. ದಾರದ ಶಕ್ತಿಯ ಕಾಲು ಭಾಗಕ್ಕಿಂತ ಕಡಿಮೆಯಿಲ್ಲದಂತೆ, ಮೂರನೆಯ ಒಂದು ಭಾಗ ಮೀರದಂತೆ ಇದನ್ನು ಬಿಗಿ ಮಾಡಬೇಕು. ಆರು ಕಿಲೋ ದಾರಕ್ಕೆ ಎರಡು ಕಿಲೋ ಸಾಕು. ಉಳಿದದ್ದೇಕೆ ಬಿಡಬೇಕು? ಇಲ್ಲಿಯೂ ಒಂದು ಲೆಕ್ಕವಿದೆ. ದಾರ ಹೊರಗೆ ಹೋದಂತೆ ಉರುಳೆಯ ಮೇಲಿನ ಸುತ್ತು ಚಿಕ್ಕದಾಗುತ್ತದೆ. ಸುತ್ತಿನ ತ್ರಿಜ್ಯ ಮೂರು ಸೆಂಟಿಮೀಟರಿನಿಂದ ಎರಡಕ್ಕೆ ಇಳಿದರೆ, ನಾವು ಕೈ ಹಚ್ಚದಿದ್ದರೂ ಬ್ರೇಕಿನ ಬಿಗಿ ಎರಡು ಕಿಲೋದಿಂದ ಮೂರಕ್ಕೆ ಏರುತ್ತದೆ. ಅದರ ಮೇಲೆ ಗಂಟಿನಲ್ಲಿ ದಾರದ ಶಕ್ತಿ ತಗ್ಗಿರುತ್ತದೆ, ರಾಡಿನ ಬಳೆಗಳ ತಿಕ್ಕಾಟ ಬೇರೆ. ಆ ಮಿಗತೆ ಇವೆಲ್ಲಕ್ಕೆ. ಮನೆಯಲ್ಲೇ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಬಿಗಿ ಎಷ್ಟಿದೆ ಎಂಬುದು ತಿಳಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಉಪ್ಪು. ನದಿಗೆ ಹತ್ತು ವರ್ಷ ಬಾಳುವ ರೀಲು ಕಡಲಿನಲ್ಲಿ ಒಂದೇ ಋತುವಿಗೆ ತುಕ್ಕು ಹಿಡಿದು ಕುಳಿತುಬಿಡಬಹುದು. ಆದ್ದರಿಂದ ಸಮುದ್ರಕ್ಕೆಂದು ಕೊಳ್ಳುವಾಗ ತುಕ್ಕು ತಡೆಯುವ ಬೇರಿಂಗು, ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನ ಬಳೆಗಳು ಇವೆಯೇ ಎಂದು ಕೇಳಬೇಕು. ರಾಡಿನ ಹೊಳಪಿಗಿಂತ ರೀಲಿನ ಒಳಭಾಗಕ್ಕೆ ಹಣ ಹಾಕುವುದು ಜಾಣತನ. ಕಲಿಯುವವರಿಗೆ ಫೈಬರ್ ಗ್ಲಾಸಿನ ರಾಡೂ ಸಾಕು. ಅದು ಕಾರ್ಬನ್ನಿಗಿಂತ ತೂಕ, ಆದರೆ ಬಂಡೆಗೆ ತಾಗಿದರೆ ಅಷ್ಟು ಬೇಗ ಸೀಳುವುದಿಲ್ಲ, ಬೆಲೆಯೂ ಕಡಿಮೆ. ಮನೆಗೆ ಬಂದೊಡನೆ ಎರಡನ್ನೂ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಒರೆಸಿ, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಒಣಗಿಸಬೇಕು. ನಲ್ಲಿಯ ಜೋರು ನೀರು ಬಿಟ್ಟರೆ ಉಪ್ಪು ಹೊರಗೆ ಬರುವ ಬದಲು ಒಳಗೇ ಸೇರುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ನೀರಿಗೆ ಯಾವ ಕೋಲು, ಯಾವ ಗಾಳ ಎಂದು ವಿವರಿಸುವ ಆ ಪುಸ್ತಕ ಮೀನುಗಳ ಸ್ವಭಾವ, ಅವುಗಳ ಸಾಕಣೆಯ ಬಗೆಗೂ ಹೇಳುತ್ತದೆ. ನೀರನ್ನೂ ಮೀನನ್ನೂ ಬಲ್ಲವರೇ ಕೋಲಿನ ಮಾತು ಆಡಬೇಕು ಎಂಬುದು ಆಗಲೂ ಇದ್ದ ತಿಳಿವಳಿಕೆ. ಕುಡಚಿಯ ಆ ವೃದ್ಧರು ಅದನ್ನೇ ಒಂದು ಸಾಲಿನಲ್ಲಿ ಹೇಳಿದ್ದರು.

ಎರಡನೆಯ ಸಂಜೆ ದೇವಗಡದ ಆ ಸಜ್ಜನರು ತಮ್ಮದೇ ರಾಡನ್ನು ಮಗನ ಕೈಗೆ ಕೊಟ್ಟರು. ಒಂಬತ್ತು ಅಡಿಯ ಹಳೆಯ ಫೈಬರ್ ರಾಡು, 4000 ಗಾತ್ರದ ರೀಲು, ಬಣ್ಣ ಮಾಸಿದ್ದರೂ ಎಣ್ಣೆ ಕಂಡಂತೆ ತಿರುಗುತ್ತಿತ್ತು. ಎಸೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂರಿಸಿ ಅಲೆ ಎಣಿಸಲು ಹೇಳಿದರು. ಐದಾರು ಸಣ್ಣ ಅಲೆಗಳ ನಂತರ ಇದ್ದಕ್ಕಿದ್ದಂತೆ ದೊಡ್ಡದೊಂದು ಬಂದು ಒಣ ಬಂಡೆಯನ್ನು ಒದ್ದೆ ಮಾಡಿ ಹೋಯಿತು. 'ಒದ್ದೆಯಾದ ಬಂಡೆಯ ಮೇಲೆ ನಿಲ್ಲಬೇಡ. ಬೆನ್ನು ಕಡಲಿಗೆ ತೋರಿಸಬೇಡ. ಒಬ್ಬನೇ ಬರಬೇಡ' ಎಂದರು. ಮಳೆಗಾಲದಲ್ಲಂತೂ ಬರಲೇಬಾರದು. ಜೂನ್ ಬಂತೆಂದರೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳೇ ದಡ ಸೇರಿ ನಿಲ್ಲುತ್ತವೆ. ಅವರಿಗೇ ಬೇಡವಾದ ಕಡಲು ನಮ್ಮ ಮಕ್ಕಳಿಗೆ ಯಾಕೆ?

ಕತ್ತಲಾಗುವ ಹೊತ್ತಿಗೆ ಮಗನ ಕೋಲಿನ ತುದಿ ಎರಡು ಸಲ ತಲೆ ಆಡಿಸಿತು. ಈ ಸಲ ಅವನಿಗೆ ಗೊತ್ತಾಯಿತು. ರೀಲು ಗರ್ರೆಂದು ಸ್ವಲ್ಪ ದಾರ ಬಿಟ್ಟಿತು, ನಿಂತಿತು, ಮತ್ತೆ ಒಳಗೆ ಸುತ್ತಿಕೊಂಡಿತು. ಮೇಲೆ ಬಂದದ್ದು ಅಂಗೈಯಗಲದ ಕೆಂಪು ತಾಂಬೋಶಿ ಮೀನು. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟ. ಬಿಡು ಎಂದು ನಾವು ಯಾರೂ ಹೇಳಿರಲಿಲ್ಲ. 'ಇನ್ನೂ ಮರಿ' ಎಂದಷ್ಟೇ ಅಂದ.

ಹಿಂದಿರುಗುವಾಗ ಫೋಂಡಾ ಘಾಟಿನ ಮೇಲೆ ಚಹಾಕ್ಕೆಂದು ನಿಂತೆವು. ಆಗ ನಾನು ಮಗನಿಗೆ ಒಂದು ಮಾತು ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು. ನೀನು ಬೇಕೆಂದದ್ದನ್ನು ನಾನು ಕೊಡಿಸಿದೆ, ನಿನಗೆ ಬೇಕಾದದ್ದು ಯಾವುದೆಂದು ನಾನು ನೋಡಲಿಲ್ಲ. ನಾವು ಹೆತ್ತವರು ಮಾಡುವುದು ಬಹುಪಾಲು ಇದನ್ನೇ ಅಲ್ಲವೇ? ಮಗುವಿನ ಕೈ ಎಷ್ಟು ಉದ್ದ, ಅದರ ಮುಂದಿರುವ ನೀರು ಯಾವುದು ಎಂದು ನೋಡುವ ಮೊದಲೇ ಎಲ್ಲಕ್ಕಿಂತ ಉದ್ದದ ಕೋಲನ್ನು ಕೈಗೆ ಕೊಟ್ಟುಬಿಡುತ್ತೇವೆ. ಆಮೇಲೆ ಮೀನು ಯಾಕೆ ಬರಲಿಲ್ಲ ಎಂದು ಮಗುವನ್ನೇ ಕೇಳುತ್ತೇವೆ.

ಆ ಹನ್ನೆರಡು ಅಡಿ ರಾಡನ್ನು ಅವನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾನೆ. ಅದಕ್ಕೆ ಹೊಂದುವ ರೀಲಿಗೆ ತಾನೇ ಹಣ ಕೂಡಿಸುತ್ತಿದ್ದಾನೆ. ಅಲ್ಲಿಯವರೆಗೆ ರವಿವಾರ ಬಂದರೆ ನಾವಿಬ್ಬರೂ ಕುಡಚಿಗೆ ಹೋಗುತ್ತೇವೆ. ಕೋಲು ಬಿದಿರಿನದು, ನಮ್ಮದೇ ಹಿತ್ತಲಿನದು. ತಂತಿಯ ಕೆಳಗೆ ಬಂದಾಗ ಮಗ ಅದನ್ನು ತಾನಾಗಿಯೇ ಕೆಳಗಿಳಿಸುತ್ತಾನೆ. ವೃದ್ಧರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ. ಉಗಾರದ ಕಡೆಯಿಂದ ರೈಲು ಸೇತುವೆ ಏರಿದಾಗ ನೀರು ಸಣ್ಣಗೆ ನಡುಗುತ್ತದೆ. ಬೆಂಡು ನಡುಗಿದ್ದು ರೈಲಿಗೋ ಮೀನಿಗೋ ಎಂದು ಈಗ ಅವನಿಗೆ ತಿಳಿಯುತ್ತದೆ.